ಎಂಜಲಿನ ಪರೀಕ್ಷೆ

ನನ್ನ ಗಂಡ ಸಿಗರೇಟು ಬಿಟ್ಟದ್ದು ಮಗಳ ತಲೆ ಮುಟ್ಟಿ ಆಣೆ ಮಾಡಿ. ಕೆಮಿಸ್ಟ್ರಿ ಪಾಠ ಮಾಡುವ ನಾನು ಆಣೆಗೀಣೆ ನಂಬುವವಳಲ್ಲ. ಆದರೂ ಅವರ ಕೈ ಅವಳ ನೆತ್ತಿಯ ಮೇಲೆ ಕೂತಾಗ ಎಳೆದು ತೆಗೆಯಬೇಕೆನ್ನಿಸಿತ್ತು. ಮಾತು ತಪ್ಪಿದರೆ ಏಟು ಬೀಳುವುದು ಅವಳಿಗೆ ಎಂಬ ಭಯ ಚಿಕ್ಕಂದಿನಿಂದ ಒಳಗೆ ಕೂತುಬಿಟ್ಟಿದೆ.

ಆಮೇಲೆ ಅವಳ ಹಲ್ಲಿಗೆ ಕ್ಲಿಪ್ ಹಾಕಿಸಿದೆವು. ಬನಶಂಕರಿಯ ದಂತ ಆಸ್ಪತ್ರೆಯ ಡಾಕ್ಟರ್ ಹುಡುಗಿಯೊಬ್ಬಳು ತನ್ನ ಥೀಸಿಸ್‌ಗೆಂದು ಮಗಳ ಎಂಜಲು ಕೇಳಿದಳು. ಪ್ರತಿ ಸಲವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ಪುಟ್ಟ ಟ್ಯೂಬಿಗೆ ಉಗುಳಬೇಕು. ಎಂಜಲನ್ನೂ ಕೇಳಿ ಪಡೆಯುವವರಿದ್ದಾರಲ್ಲ ಎಂದು ಮಗಳಿಗೆ ನಗು.

"ಹೆಚ್ಚಿಟ್ಟ ಸೇಬು ಕಪ್ಪಾಗುತ್ತಲ್ಲ ಮೇಡಂ, ನಾನು ಇದರಲ್ಲಿ ಅಳೆಯೋ ಆಕ್ಸಿಡೇಟಿವ್ ಸ್ಟ್ರೆಸ್ ಅಂದ್ರೆ ಹೆಚ್ಚುಕಡಿಮೆ ಅದೇ. ಹೊಸದಾಗಿ ತಂತಿ ಹಾಕಿದಾಗ ಎಂಜಲಲ್ಲಿ ಸ್ವಲ್ಪ ಏರುತ್ತೆ. ಸಾಮಾನ್ಯವಾಗಿ ಆಮೇಲೆ ಇಳಿಯುತ್ತೆ," ಎಂದಳು ಡಾಕ್ಟರ್.

ಇವಳದು ಇಳಿಯಲಿಲ್ಲ. ಹೋದಾಗಲೆಲ್ಲ ಏರುತ್ತಲೇ ಇತ್ತು. ವಸಡು ಚೆನ್ನಾಗಿತ್ತು, ಬ್ರಷ್ಷೂ ಸರಿಯಾಗಿ ಮಾಡುತ್ತಿದ್ದಳು.

ತ್ಯಾಗರಾಜನಗರದ ನಮ್ಮ ಮನೆಯಲ್ಲಿ ಅದೇ ದಿನಗಳಲ್ಲಿ ಇನ್ನೊಂದು ವಿಚಿತ್ರ ಶುರುವಾಗಿತ್ತು. ಮದುವೆಯಾದಾಗಿನಿಂದ ಒಂದು ಕರ್ಚೀಫನ್ನೂ ಹಿಂಡದ ಮನುಷ್ಯ ಸಂಜೆಯಾದರೆ ತಾವಾಗಿಯೇ ಅಡುಗೆಮನೆ ಹಿಂದಿನ ಯುಟಿಲಿಟಿಗೆ ಹೋಗಿ ಬಟ್ಟೆ ಒಣಹಾಕತೊಡಗಿದ್ದರು. ಒಳಗೆ ಬರುವಾಗ ಬಾಯಲ್ಲಿ ಏಲಕ್ಕಿ. ಅತ್ತ ತೆರೆಯುವ ಕಿಟಕಿ ಮಗಳ ಕೋಣೆಯದು, ಅವಳು ಓದಲು ಕೂರುವುದು ಅದರ ಪಕ್ಕದಲ್ಲೇ. ಒಣಗಿದ ಬಟ್ಟೆ ಮಡಚುವಾಗ ನನ್ನ ಮೂಗಿಗೆ ಎಲ್ಲ ಗೊತ್ತಾಗುತ್ತಿತ್ತು. ಕೇಳಲು ಮಾತ್ರ ಭಯ. ಬಾಯಿಬಿಟ್ಟರೆ ಆಣೆ ಮುರಿದದ್ದು ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು.

ಮುಂದಿನ ಸಲ ಮೂವರೂ ಹೋದೆವು. ಹಳೆಯ ರಿಪೋರ್ಟುಗಳನ್ನು ನೋಡುತ್ತಿದ್ದ ಡಾಕ್ಟರ್ ಕೇಳಿದಳು.

"ಮನೇಲಿ ಯಾರಾದ್ರೂ ಸ್ಮೋಕ್ ಮಾಡ್ತಾರಾ ಸಾರ್? ಅದೇ ಕಾರಣ ಅಂತ ಹೇಳಕ್ಕಾಗಲ್ಲ. ಆದ್ರೆ ಪಕ್ಕದಲ್ಲಿ ಹೊಗೆ ಇದ್ರೂ ಹೀಗೆ ಏರಬಹುದು."

"ಛೆ, ಇಲ್ಲಮ್ಮ. ನಾನು ಯಾವತ್ತೋ ಬಿಟ್ಟೆ. ಬೇಕಾದ್ರೆ ಇವಳ ತಲೆ ಮುಟ್ಟಿ ಹೇಳ್ತೀನಿ," ಎಂದು ನನ್ನ ಗಂಡ ನಗುತ್ತಾ ಮಗಳತ್ತ ಕೈ ಚಾಚಿದರು.

ಟ್ಯೂಬ್ ಹಿಡಿದು ಕೂತಿದ್ದವಳು ಸರಕ್ಕನೆ ತಲೆ ಹಿಂದಕ್ಕೆ ಎಳೆದುಕೊಂಡಳು. ತುಟಿ ಒರೆಸಿಕೊಂಡಳು.

"ನಂದು ಬೇಡ ಅಪ್ಪ," ಎಂದಳು. "ಈ ಸಲ ನಿಮ್ಮ ತಲೆ ಮೇಲೆ ಕೈ ಇಟ್ಕೊಂಡು ಹೇಳಿ."

ಅವರ ಕೈ ಅಲ್ಲೇ ನಿಂತಿತು. ನಾವು ಮೂವರು ಹೆಂಗಸರೂ ಅದನ್ನೇ ನೋಡುತ್ತಿದ್ದೆವು. ಅವರು ಅದನ್ನು ನಿಧಾನವಾಗಿ ಜೇಬಿಗೆ ಇಳಿಸಿಕೊಂಡರು.