ಆಪಾನ ಮಣ್ಣಿಗೆ ಹೋದ ದಿನ

ಬೆಳಗಿನ ನಮಾಜು ಮುಗಿಸಿ ಮನೆಗೆ ಬರುವಷ್ಟರಲ್ಲಿ ಜೇವರ್ಗಿಯಿಂದ ಫೋನು ಬಂದಿತ್ತು. ನಾವು ಆಪಾ ಎಂದು ಕರೆಯುತ್ತಿದ್ದ ಹಿರಿಯಕ್ಕ ತೀರಿಕೊಂಡಿದ್ದಳು. ಅದೇ ದಿನ ಇಳಿಹೊತ್ತಿನ ಅಸರ್ ನಮಾಜಿನ ನಂತರ ಮಣ್ಣು. ಆಳಂದದಿಂದ ಕಲಬುರಗಿ ಮೇಲೆ ಹೋದರೆ ಬೇಗ ಮುಟ್ಟಬಹುದಿತ್ತು. ಆದರೆ ಅಣ್ಣ ಮಹಬೂಬ್ ಭಾಯಿ ಅಫಜಲಪುರದಲ್ಲಿದ್ದ. ಒಬ್ಬನೇ ಬಸ್ಸು ಹತ್ತಲಾರ. ನಾನು ಅಫಜಲಪುರದ ಬಸ್ಸು ಹಿಡಿದೆ. ಮೋಡ ಮುಸುಕಿತ್ತು, ಮಳೆ ಇರಲಿಲ್ಲ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು.

ಭಾಯಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದ. ಸೈಕಲ್ಲಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಭೀಮೆಯ ದಂಡೆಯ ಹಳ್ಳಿಗಳನ್ನೆಲ್ಲ ಸುತ್ತಿ ಮಾರಿದವನು ಅವನು. ಆಗ ಅವನ ಮೀನಖಂಡ ಕಲ್ಲಿನಂತಿತ್ತು. ಸಕ್ಕರೆ ಕಾಯಿಲೆ ಹಿಡಿದು ವರ್ಷಗಳಾಗಿ, ಈಗ ಮೊಣಕಾಲಿನ ಕೆಳಗೆ ಬರೀ ಎಲುಬು.

"ಡಾಕ್ಟರ್ ಏನಂತಾರ?" ಎಂದೆ.

"ನರ ಸತ್ರ ಖಂಡಕ್ಕ ಹುಕುಂ ಮುಟ್ಟಂಗಿಲ್ಲಂತ. ಕೆಲಸ ಇಲ್ದ ಅದು ಕರಗ್ತದಂತ."

ಜೇವರ್ಗಿ ಬಸ್ಸು ಬಂತು. ಅವನ ಪಾದ ಮೇಲೇಳಲಿಲ್ಲ; ಕೈಯಿಂದ ಕಾಲೆತ್ತಿ ಮೆಟ್ಟಿಲ ಮೇಲಿಟ್ಟ. "ಲಗೂ ಹತ್ರಿ ಕಾಕಾ" ಎಂದ ಕಂಡಕ್ಟರ್, ಆಮೇಲೆ ಕಾಲು ನೋಡಿ ಸೀಟಿ ಊದದೆ ಕಾದ. ಚಪ್ಪಲಿಯೊಂದು ಕೆಳಗೇ ಉಳಿದದ್ದು ಭಾಯಿಗೆ ತಿಳಿಯಲೇ ಇಲ್ಲ. ನಾನು ಎತ್ತಿಕೊಂಡು ಹತ್ತಿದೆ.

ಭೀಮೆ ದಾಟಿದ ಮೇಲೆ ಅವನು ಕಿಟಕಿಯಾಚೆ ಕೈ ತೋರಿಸಿದ. "ಈ ಏರು ಸೈಕಲ್ ಇಳೀಲಾರ್ದ ಹತ್ತತಿದ್ದೆ. ಆಪಾ ರೊಟ್ಟಿ ಬಡಿಯೋದ್ರಾಗ ಮುಟ್ತಿದ್ದೆ."

ಆಪಾನಿಗೆ ಮಕ್ಕಳಿರಲಿಲ್ಲ, ಗಂಡ ಮೊದಲೇ ಹೋಗಿದ್ದ. ಹೆಂಗಸನ್ನು ಕಬರಿಗೆ ಇಳಿಸಬೇಕಾದವರು ರಕ್ತಸಂಬಂಧಿಗಳು, ಅಂದರೆ ನಾವಿಬ್ಬರೇ. ಕಬರಸ್ತಾನದಲ್ಲಿ ಮೌಲ್ವಿಯವರು ಭಾಯಿಯ ಕಾಲು ನೋಡಿ, "ನೀವು ಮ್ಯಾಲೆ ನಿಂದರ್ರಿ. ತಮ್ಮ ಇಳೀತಾರ, ಮತ್ತೊಬ್ರನ್ನ ಕರಿತೇನಿ" ಎಂದರು.

"ನನ್ನ ಹೊತ್ತು ಬೆಳೆಸ್ಯಾಳ್ರಿ ಆಕಿ. ನಾನೇ ಇಳೀತೇನಿ."

ಇಳಿದ. ಅವಳ ತಲೆಯನ್ನು ಅವನೇ ಹಿಡಿದ. ಕಾಲ ಕಡೆ ನಾನು ಹಿಡಿದೆ. ಹಾಸುಗಲ್ಲು ಮುಚ್ಚಿದ ಮೇಲೆ ನಾನು ಹತ್ತಿ ಬಂದೆ. ಭಾಯಿ ಅಂಚಿಗೆ ಕೈಯೂರಿದ, ಆದರೆ ಒತ್ತಿ ಏಳಲು ಪಾದದಲ್ಲಿ ಬಲವಿರಲಿಲ್ಲ. ಜಾರಿದ. ಮತ್ತೆ ಜಾರಿದ. ಮಣ್ಣು ಹಾಕಲು ನಿಂತವರೆಲ್ಲ ಕಾದರು. ಕೊನೆಗೆ ಇಬ್ಬರು ರಟ್ಟೆಗೆ ಕೈಹಾಕಿ ಎಳೆದುಕೊಂಡರು. ಬೆಳಗಿನಿಂದ ಅಳದವನು ಆಗ ಅತ್ತ.

ಮರಳುವಾಗ ಬಸ್ಸಿನಲ್ಲಿ ಭಾಯಿ ಅಂಗೈಗೆ ಹತ್ತಿದ ಮಣ್ಣು ಉಜ್ಜುತ್ತ ಕೂತಿದ್ದ. ಆಮೇಲೆ, "ಮಂದಿ ನಕ್ಕರೇನು?" ಎಂದ.

"ಯಾರೂ ನಗಲಿಲ್ಲ ಭಾಯಿ."

"ನಕ್ಕಿದ್ರ ಛಲೋ ಇತ್ತು ಲೇ. ಎಲ್ಲಾರೂ ಸುಮ್ನ ನಿಂತಿದ್ರು."

ಅಫಜಲಪುರದಲ್ಲಿ ಇಳಿದಾಗ ಹೊತ್ತು ಮುಳುಗಿತ್ತು. ಮನೆತನಕ ಬರುತ್ತೇನೆಂದರೆ ಒಪ್ಪಲಿಲ್ಲ. "ಆಳಂದಕ್ಕ ಇದೇ ಕಡೀ ಬಸ್ಸು, ನಡಿ" ಎಂದು ದಬ್ಬಿದ. ಹತ್ತಿ ಕಿಟಕಿಯಿಂದ ನೋಡಿದೆ. ಬಸ್ ಸ್ಟ್ಯಾಂಡಿನ ಕಾಂಪೌಂಡ್ ಗೋಡೆ ಹಿಡಿದು, ಮೊಣಕಾಲು ಎತ್ತೆತ್ತಿ ಹೆಜ್ಜೆ ಹಾಕುತ್ತಿದ್ದ. ಗೋಡೆ ಮುಗಿದಲ್ಲಿ ನಿಂತ. ಬಸ್ಸು ತಿರುಗುವಾಗಲೂ ಅಲ್ಲೇ ನಿಂತಿದ್ದ.