ಚಿಕ್ಕಮಾದಪ್ಪನ ಕಿವಿ

ಹಳೇ ಇಂಜಿನ್ ಮಾರುವವನ ಮಾತನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಕೊಳ್ಳೇಗಾಲದ ಹನೂರು ರಸ್ತೆಯಲ್ಲಿ ನನ್ನ ಗುಜರಿ ಅಂಗಡಿ ಇದೆ. ಜಜ್ಜಿಹೋದ ಕಾರು ಕೊಂಡು, ಇಂಜಿನ್ ಚೆನ್ನಾಗಿದ್ದರೆ ಇಳಿಸಿ, ಒರೆಸಿ, ಇನ್ನೊಬ್ಬರ ಕಾರಿಗೆ ದಾಟಿಸುವುದು ನನ್ನ ಕಸುಬು. ಇಪ್ಪತ್ತಾರು ವರ್ಷದಲ್ಲಿ ನನ್ನ ಮಾತಿಗೆ ಮರುಳಾಗದ ಗಿರಾಕಿ ಒಬ್ಬನೇ: ಮುಳ್ಳೂರಿನ ಚಿಕ್ಕಮಾದಪ್ಪ.

ಹದಿನಾರಕ್ಕೇ ಲಾರಿ ಕ್ಲೀನರ್ ಆದವನು. ತಲೆಗೆ ಓದು ಹತ್ತಲಿಲ್ಲ, ಕಿವಿಗೆ ಇಂಜಿನ್ ಹತ್ತಿತು. ಟೀ ಅಂಗಡಿಯಲ್ಲಿ ರಸ್ತೆಗೆ ಬೆನ್ನು ಹಾಕಿ ಕುಳಿತೇ, ಹಿಂದೆ ಹೋದ ಬಸ್ಸಿನ ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ಹಳೇ ಕಾರು ಕೊಳ್ಳುವವರು ಯಳಂದೂರಿನಿಂದಲೂ ಅವನನ್ನು ಜೊತೆಗೆ ಕರೆತರುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚುತ್ತಿದ್ದ. ಕಣ್ಣು ತೆರೆದು "ಬ್ಯಾಡ ಬುಡಿ" ಅಂದನೋ, ನನ್ನ ಮಾಲು ಆವತ್ತೇ ಕಬ್ಬಿಣದ ತೂಕಕ್ಕೆ ಹೋಯಿತು ಅಂತಲೇ ಅರ್ಥ. ಎದುರುಗಡೆ ಗ್ಯಾರೇಜಿನ ಪುಟ್ಟಬಸಪ್ಪ ಕೆಲಸ ಕಲಿತದ್ದೂ ಅವನ ಕೈಕೆಳಗೇ.

ಚಿಕ್ಕಮಾದಪ್ಪನ ಸ್ವಂತ ಕಾರು ಹದಿನೆಂಟು ವರ್ಷದ ಬಿಳೀ ಡೀಸೆಲ್ ಗಾಡಿ, ಮೂರು ಸಾಲು ಸೀಟಿನದು. ಮಾದಪ್ಪನ ಬೆಟ್ಟದ ದೇವಸ್ಥಾನಕ್ಕೆ ಹೋಗುವವರನ್ನು ಹತ್ತಿಸಿಕೊಂಡು ಹೋಗಿ ಇಳಿಸಿಕೊಂಡು ಬರುವುದೇ ಅವನ ಜೀವನ. ಈ ಯುಗಾದಿ ಕಳೆದ ಮೇಲೆ ಆ ಇಂಜಿನ್ ಬಡಿಯತೊಡಗಿತು. ಟಕ್, ಟಕ್, ಟಕ್. ಒಳಗೆ ಯಾರನ್ನೋ ಕೂಡಿಹಾಕಿದರೆ ಅವರು ಬಾಗಿಲು ಬಡಿದಂತೆ. ಕಾರು ಪೆಟ್ರೋಲ್ ಬಂಕಿನ ಹತ್ತಿರ ಇರುವಾಗಲೇ ನನಗೆ ಕೇಳುತ್ತಿತ್ತು. ಟೀ ಅಂಗಡಿಯ ಮುಂದೆ ಮಲಗುವ ನಾಯಿ ಎದ್ದು ಹಿಂದಕ್ಕೆ ಹೋಗುತ್ತಿತ್ತು.

"ಲೇ ಮಾದಪ್ಪ, ಇಂಜಿನ್ ಒಳಗಿನ ರಾಡು ಬಡೀತಾ ಅದೆ. ಇಂಜಿನ್ ಬದ್ಲಾಯ್ಸ್‌ಬುಡು," ಅಂದೆ.

"ನಿನ್ನ ಅಂಗ್ಡೀಲಿ ಒಂದು ಬಿದ್ದದೆ ಅನ್ನು."

"ಅದೆ. ಒಳ್ಳೇದೇ ಅದೆ."

"ಅಂಗನ್ನು ಮತ್ತೆ, ಸಾವ್ಕಾರ! ಯಾಪಾರ ಇಲ್ದೆ ನಿಂಗೆ ಒಂದು ಸದ್ದೂ ಕೇಳಾಕಿಲ್ಲ."

ನನ್ನ ಬಾಯಿ ಮುಚ್ಚಿಸಲೆಂದೇ ರಸ್ತೆಯಂಚಿನಲ್ಲಿ ಬಾನೆಟ್ ಎತ್ತಿ, ಸ್ಕ್ರೂಡ್ರೈವರ್ ಹಿಡಿದು ಕಣ್ಣು ಮುಚ್ಚಿದ. ಇಂಜಿನ್ ಬಡಿಯುತ್ತಲೇ ಇತ್ತು. ಕಣ್ಣು ತೆರೆದು, "ರೇಸ್ಮೆ ನೂಲು ಬಿಚ್ದಂಗೆ ಓಡ್ತಾ ಅದೆ, ನೋಡು," ಅಂದ. ಆಗ ಅವನ ಬೆನ್ನ ಹಿಂದೆಯೇ ಒಂದು ಬಸ್ಸು ಬಂದು ನಿಂತು ಹಾರನ್ ಹೊಡೆಯಿತು. ಅವನು ಕದಲಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕಂಡಕ್ಟರ್ ಇಳಿದು ಬಂದು ಹೆಗಲು ಮುಟ್ಟಿದ ಮೇಲೆ ಬೆಚ್ಚಿ ಪಕ್ಕಕ್ಕೆ ಸರಿದ.

ಆಗ ನೆನಪಾಯಿತು. ಮಾತಾಡುವಾಗ ಅವನು ಎದುರಿಗಿದ್ದವರ ತುಟಿಯನ್ನೇ ನೋಡುತ್ತಿದ್ದ. ನಾವು ಗುಜರಿಯವರು ಹೇಗೂ ಕಿರುಚಿ ಮಾತಾಡುವ ಜನ. ಹಾಗಾಗಿ ನನಗೆ ತಿಳಿದೇ ಇರಲಿಲ್ಲ.

ಪುಟ್ಟಬಸಪ್ಪನಿಗೆ ತಿಳಿದಿತ್ತು. "ನಂಗೊತ್ತಾಗಿ ಆರ್ ತಿಂಗ್ಳಾಯ್ತು ಕಣಣ್ಣ. ಕೇಳೋದ ನಂಗೆ ಕಲ್ಸಿದ್ದೇ ಅವ್ರು. ನಿಮ್ಗೆ ಕೇಳ್ಸಲ್ಲ ಅಂತ ಯಾವ್ ಬಾಯಲ್ಲಿ ಏಳ್ಲಿ? ನೀನೇ ಏಳು."

"ನಾನೇಳಿದ್ರೆ ಯಾಪಾರ ಆಯ್ತದೆ ಕಣ್ಲಾ."

ಅವನು ತನ್ನ ಗ್ಯಾರೇಜಿಗೆ ಹೋದ, ನಾನು ನನ್ನ ಅಂಗಡಿಗೆ. ಬೆಟ್ಟ ಇಳಿಯುವಾಗ ಇಂಜಿನ್ನೇ ಅರ್ಧ ಬ್ರೇಕು. ಆ ತಿರುವುಗಳಲ್ಲಿ ರಾಡು ಮುರಿದು ಇಂಜಿನ್ ನಿಂತರೆ ಉಳಿದರ್ಧ ಬ್ರೇಕೂ ಕಲ್ಲಿನಂತಾಗಿ ಕಾಲಲ್ಲಿ ಒತ್ತಲಾಗುವುದಿಲ್ಲ. ಇದು ನಮ್ಮಿಬ್ಬರಿಗೂ ಗೊತ್ತಿತ್ತು. ಚಿಕ್ಕಮಾದಪ್ಪನಿಗಂತೂ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಮುಂದಿನ ಸೋಮವಾರ ಹೊತ್ತಾರೆ ಬಿಳೀ ಕಾರು ಟೀ ಅಂಗಡಿಯ ಮುಂದೆ ನಿಂತಿತು. ಹೊನ್ನೂರಿನ ಒಂದು ಮನೆಯವರು, ಮಗುವೂ ಸೇರಿ ಎಂಟು ಜನ. ಮಗುವಿಗೆ ಮುಡಿ ತೆಗೆಸಲು ಬೆಟ್ಟಕ್ಕೆ ಹೊರಟಿದ್ದರು. ನಾನು ಜನ್ಮದಲ್ಲಿ ಆಡದ ಮಾತನ್ನು ಅವತ್ತು ಆಡಿದೆ.

"ಮಾದಪ್ಪ, ಇವತ್ತು ಬ್ಯಾರೆ ಗಾಡೀಲಿ ಕಳ್ಸು. ಇಂಜಿನ್ ಪುಗಸಟ್ಟೆ ತಕ. ಬಸಪ್ಪ ಕೂರಿಸ್ತಾನೆ. ನಂಗೆ ಒಂದ್ರುಪಾಯೂ ಬ್ಯಾಡ."

ಅವನ ನಗು ನಿಂತಿತು. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿದ. "ನೀನು ದುಡ್ಡು ಬ್ಯಾಡ ಅಂತೀಯಾ ಅಂದ್ರೆ, ಆ ಇಂಜಿನ್ ಇದ್ದ ಗಾಡೀಲಿ ಯಾರೋ ಸತ್ತವ್ರೆ ಕಣಯ್ಯ. ನಂಗ್ ಬ್ಯಾಡಪ್ಪ ಅದು."

ಕಿಟಕಿಗೆ ಬಗ್ಗಿ ಮಗುವಿನ ಅಜ್ಜಿಯನ್ನು ಕೇಳಿದೆ, "ನಿಮ್ಗೂ ಕೇಳ್ತಾ ಇಲ್ವಾ ತಾಯಿ, ಈ ಸದ್ದು?"

"ಕೇಳ್ತದೆ ಕಣಪ್ಪ, ಯಳಂದೂರಿಂದ ಕೇಳ್ತಾನೇ ಅದೆ. ಏನೂ ಇಲ್ಲ ಅಂದ್ರು ಮಾದಪ್ಪಣ್ಣ. ಅವ್ರ ಕಿವಿಗಿಂತ ನಮ್ಮದು ದೊಡ್ಡದಾ?"

ಕಾರು ಹೊರಟಿತು. ಟಕ್, ಟಕ್, ಟಕ್. ಸದ್ದು ರಸ್ತೆಯ ತಿರುವಿನಾಚೆಗೂ ಸ್ವಲ್ಪ ಹೊತ್ತು ಕೇಳಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಚಿಕ್ಕಮಾದಪ್ಪನ ಹೆಂಡತಿ ಕುಸುಮ ಫೋನ್ ಮಾಡಿದಳು. "ಅಣ್ಣೋ, ಇವ್ರು ಅಂಗ್ಡಿ ತಾವ ಬಂದವ್ರಾ? ಇಳೀತಾ ಇವ್ನಿ ಅಂತ ಒಂದು ಗಂಟೆಗೆ ಮಾಡಿದ್ರು. ಆಮೇಕೆ ನಾ ಮಾಡಿದ್ರೆ ರಿಂಗಾಯ್ತಾನೇ ಅದೆ, ಎತ್ತಾಕಿಲ್ಲ."

"ಅವ್ನಿಗೆ ಕೇಳ್ಸಾಕಿಲ್ಲ ಕಣವ್ವ," ಅಂದೆ. ಅಂತೂ ಆ ಮಾತು ಬಾಯಿಂದ ಬಂತು.

"ಅದ ನಂಗೇ ಏಳ್ತೀಯಾ? ಮೂರ್ ವರ್ಸದಿಂದ ಅವ್ರ ಜೊತೆ ಕಿರುಚ್ಕಂಡೇ ಬಾಳ್ತಾ ಇವ್ನಿ." ಅವಳ ದನಿ ಅಲ್ಲಿಗೆ ಇಳಿಯಿತು. "ಗಾಡೀಲಿ ಕುಂತಿರೋ ಎಂಟು ಜನಕ್ಕೂ ಕೇಳ್ಸಾಕಿಲ್ವಾಣ್ಣ?"

ಅಂಗಡಿಯ ಬಾಗಿಲು ಎಳೆದೆ. ಪುಟ್ಟಬಸಪ್ಪ ಜೀಪು ತೆಗೆದ. ಕಿಟಕಿಯ ಗಾಜು ಪೂರ್ತಿ ಇಳಿಸಿಕೊಂಡು, ಎದುರು ಬರುವ ಒಂದೊಂದು ಗಾಡಿಗೂ ಕಿವಿಯೊಡ್ಡಿ ಕುಳಿತೆವು. ಆ ಹಾಳು ಟಕ್ ಟಕ್ ಒಂದು ಸಲ ಕೇಳಿಸಪ್ಪಾ ಎಂದು ಬೆಟ್ಟದ ಮಾದಪ್ಪನನ್ನೇ ಬೇಡಿಕೊಂಡೆ. ಹನೂರು ದಾಟಿತು. ಕೌದಳ್ಳಿಯೂ ದಾಟಿತು. ಮುಂದೆ, ಮೇಲೆಲ್ಲೋ ದಾರಿ ಕಟ್ಟಿಹೋದಂತೆ, ಬೆಟ್ಟ ಶುರುವಾಗುವ ಕಡೆಯಿಂದ ಒಂದು ಗಾಡಿಯೂ ಇಳಿದು ಬರುತ್ತಿರಲಿಲ್ಲ.