ಅತ್ತಿಮರದ ಕೆಳಗಿನ ಸೌರದೀಪ

ಬಾಹ್ಯಾಕಾಶದಲ್ಲಿ ನೆರಳಿಲ್ಲ ಎಂದು ಭಾಷಣಕಾರರು ಹೇಳಿದಾಗ ಕುಶಾಲನಗರದ ಆ ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮಕ್ಕಳೇ ಸೌರ ಒಲೆ ಕಟ್ಟಿ ಅನ್ನ ಬೇಯಿಸುತ್ತಿದ್ದ, ಮೇಷ್ಟ್ರನ್ನು ಅಣ್ಣ ಎಂದೇ ಕರೆಯುತ್ತಿದ್ದ ಶಾಲೆಯಲ್ಲಿ ಓದಿದವಳು ನಾನು. ಬಿಸಿಲು ಎಲ್ಲರದು ಎಂಬುದು ಅಲ್ಲಿ ಪಾಠವಾಗಿರಲಿಲ್ಲ, ನಂಬಿಕೆಯಾಗಿತ್ತು. ಆ ಸಂಜೆ ಪರದೆಯ ಮೇಲೆ ಕಂಡದ್ದೂ ಸುಂದರವೇ. ಮೂವತ್ತಾರು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸೌರಫಲಕಗಳದೊಂದು ತೋಟ. ಅಲ್ಲಿ ಮೋಡವಿಲ್ಲ, ಮಳೆಗಾಲವಿಲ್ಲ, ಇರುಳೂ ಇಲ್ಲವೆನ್ನುವಷ್ಟು ಕಡಿಮೆ. ಅಲ್ಲಿ ಹಿಡಿದ ಬಿಸಿಲನ್ನು ಮೈಕ್ರೋವೇವ್ ಅಲೆಗಳಾಗಿಸಿ ಕೆಳಕ್ಕೆ ಕಳುಹಿಸುತ್ತಾರಂತೆ. ನೆಲದ ಮೇಲೆ ಊರನ್ನೇ ಮುಚ್ಚುವಷ್ಟು ಅಗಲದ ತಂತಿಬಲೆಯೊಂದು ಅದನ್ನು ಹಿಡಿದು ಮತ್ತೆ ವಿದ್ಯುತ್ತಾಗಿಸುತ್ತದಂತೆ.

ನನ್ನ ಪಕ್ಕದಲ್ಲಿ, ಕೊನೆಯ ಸಾಲಿನಲ್ಲಿ, ಹಾರಂಗಿ ಹಿನ್ನೀರಿನ ಬದಿಯ ಒಂದು ಕಾಫಿ ಎಸ್ಟೇಟಿನ ಲೈನಿನಲ್ಲಿ ವಾಸಿಸುವ ಹೆಂಗಸು ಕುಳಿತಿದ್ದಳು. ಲೈನೆಂದರೆ ತೋಟದ ಕೂಲಿಯವರಿಗಾಗಿ ಒಂದಕ್ಕೊಂದು ಗೋಡೆ ಅಂಟಿಸಿ ಕಟ್ಟಿದ ಮನೆಗಳ ಸಾಲು. ಆಕೆಯ ಅಜ್ಜಿಯೂ ಅಲ್ಲಿಯೇ ಹುಟ್ಟಿದ್ದು. ಆದರೂ ಆಕೆ ಅಲ್ಲಿ ವಾಸಿಸುತ್ತಾಳೆನ್ನುವುದಕ್ಕೆ ಒಂದೇ ಒಂದು ಪುರಾವೆ ಇಲ್ಲ. ಆ ಮನೆಗಳಿಗೆ ವಿದ್ಯುತ್ ಬರುವುದು ತೋಟದ ಮೀಟರಿನಿಂದ. ಅದರ ಮುಖ್ಯ ಸ್ವಿಚ್ ಇರುವುದು ರೈಟರರ, ಅಂದರೆ ಲೆಕ್ಕ ಬರೆದು ಆಳುಗಳನ್ನು ನೋಡಿಕೊಳ್ಳುವ ಗುಮಾಸ್ತರ, ಕೋಣೆಯಲ್ಲಿ. ರಾತ್ರಿ ಊಟದ ಹೊತ್ತು ಕಳೆಯುತ್ತಲೇ ಅವರು ಅದನ್ನು ಕೆಳಕ್ಕೆ ಎಳೆಯುತ್ತಾರೆ. ಬೆಳಿಗ್ಗೆ ಕಾಫಿಹಣ್ಣಿನ ಪಿಕ್ಕಿಂಗಿಗೆ ಏಳಬೇಕಾದವರು ಮಲಗಲಿ ಎಂದು. ತೋಟದವರು ಇದನ್ನು ಶಿಸ್ತು ಎನ್ನುತ್ತಾರೆ. ವಯಸ್ಕ ಮನುಷ್ಯರ ನಿದ್ದೆಯನ್ನು ಇನ್ನೊಬ್ಬರು ಸ್ವಿಚ್ಚಿನಿಂದ ಆಳುವುದಕ್ಕೆ ಕನ್ನಡದಲ್ಲಿ ಬೇರೆ ಪದವಿದೆ, ಅದು ಜೀತ.

ಹಿಂದಿನ ವರ್ಷ ಹಲಸು ಹಣ್ಣಾಗುವ ಕಾಲದಲ್ಲಿ ಆಕೆಯ ತಾಯಿ ಕತ್ತಲಲ್ಲಿ ಹೊರಗಿನ ಶೌಚಾಲಯಕ್ಕೆ ಹೋಗುವಾಗ ಹಣ್ಣಿಗೆ ಬಂದ ಆನೆಗೆ ಎದುರಾಗಿ, ಓಡಹೋಗಿ ಬಿದ್ದು ಸೊಂಟ ಮುರಿದುಕೊಂಡರು. ಅಂದಿನಿಂದ ಆಕೆ ದಿನವೂ ರಾತ್ರಿ ತಾಯಿಯನ್ನು ಹೆಗಲಿಗೆ ಆನಿಸಿಕೊಂಡು, ಆನೆ ದೂರ ಸರಿಯಲೆಂದು ಇನ್ನೊಂದು ಕೈಯಲ್ಲಿ ಸ್ಟೀಲ್ ತಟ್ಟೆಯನ್ನು ಗೋಡೆಗೂ ಮರಕ್ಕೂ ಬಡಿಯುತ್ತ ಆ ದಾರಿ ನಡೆಯುತ್ತಾಳೆ. ಆಕೆಗೆ ಬೇಕಾಗಿದ್ದದ್ದು ಸ್ವಂತ ಹೆಸರಿನ ಮೀಟರ್ ಮತ್ತು ರಾತ್ರಿಯಿಡೀ ಉರಿಯುವ ಒಂದು ಬಲ್ಬು. ಲೈನಿನವರ ಅರ್ಜಿಗಳನ್ನು ಬರೆದುಕೊಡುವ ನಾನೂ ಆಕೆಯೂ ಸೇರಿ ಅರ್ಜಿ ಕೊಟ್ಟೆವು. ಜಾಗದ ಮಾಲೀಕರ ಒಪ್ಪಿಗೆ ಇಲ್ಲದೆ ಆಗದು ಎಂದು ವಿದ್ಯುತ್ ಕಚೇರಿ ಹೇಳಿತು. ಮಾಲೀಕರು ನನಗೆ ಭೇಟಿಗೇ ಸಿಗಲಿಲ್ಲ. ನಿವೃತ್ತ ಎಂಜಿನಿಯರಾದ ಅವರೇ ಆ ಸಂಜೆಯ ಸಭೆ ಏರ್ಪಡಿಸಿದ್ದ ಎಂಜಿನಿಯರುಗಳ ಸಂಘದ ಅಧ್ಯಕ್ಷರೆಂದು ತಿಳಿದ ಮೇಲೆ, ಅಂತರಿಕ್ಷದ ವಿದ್ಯುತ್ತಿನ ಉಪನ್ಯಾಸಕ್ಕೆ ನಾವಿಬ್ಬರೂ ಬಸ್ಸು ಹತ್ತಿದೆವು.

ಪ್ರಶ್ನೋತ್ತರ ಲವಲವಿಕೆಯಿಂದಲೇ ನಡೆಯಿತು. ಮುಂದಿನ ಸಾಲಿನ ಬೆಳೆಗಾರರೊಬ್ಬರು ಎದ್ದು, "ಸಾರ್, ಇಲ್ಲಿ ಒಂದು ಕೊಂಬೆ ಬಿದ್ರೆ ಮೂರು ದಿನ ಕರೆಂಟಿಲ್ಲ. ನಿಮ್ಮ ಮೇಲಿಂದು ಕೆಟ್ರೆ ಲೈನ್‌ಮನ್‌ಗೆ ಎಷ್ಟುದ್ದದ ಏಣಿ ಕೊಡ್ತೀರಿ?" ಎಂದರು.

ನಗು ನಿಲ್ಲುವ ಮೊದಲೇ ಇನ್ನೊಬ್ಬರು, "ಏಣಿ ಇರ್ಲಿ ಮಾರಾಯ್ರೆ, ಆ ಬಲೆ ಹಾಸೋಕೆ ಜಾಗ ಎಲ್ಲಿ ನಮ್ಮಲ್ಲಿ?" ಎಂದರು.

"ಪೈಸಾರಿ ಬಿದ್ದಿದೆಯಲ್ಲಾ, ಬೇಕಾದಷ್ಟು!" ಎಂದರು ಅಧ್ಯಕ್ಷರು.

ಪೈಸಾರಿಯೆಂದರೆ ಸರ್ಕಾರದ ಪಾಳು ಭೂಮಿ. ಲೈನಿನವರು ಮನೆ ಕಟ್ಟಿಕೊಳ್ಳಲು ಅದನ್ನೇ ಕೇಳಿ ಕಚೇರಿಗಳನ್ನು ಸುತ್ತುತ್ತಿದ್ದಾರೆ, ಇಲ್ಲವೆಂಬ ಉತ್ತರ ಕೇಳುತ್ತಿದ್ದಾರೆ. ಇನ್ನೂ ಹುಟ್ಟದ ಯಂತ್ರಕ್ಕೆ ಇದ್ದ ಜಾಗ ಹುಟ್ಟಿ ಮುದಿಯಾದ ಜನರಿಗೆ ಇರಲಿಲ್ಲ. ನಾನು ಎದ್ದು ನಿಂತು ಕೇಳಿದೆ: ಅಷ್ಟು ದೂರದಿಂದ ವಿದ್ಯುತ್ತನ್ನು ಇಳಿಸುವ ಬಗ್ಗೆ ಸಂಘ ಯೋಚಿಸುವುದಾದರೆ, ಅಧ್ಯಕ್ಷರ ತೋಟದ ಲೈನಿಗೆ ರೈಟರರ ಕೋಣೆಯನ್ನು ದಾಟಿ ವಿದ್ಯುತ್ ಬರುವುದು ಯಾವಾಗ?

ಅಧ್ಯಕ್ಷರು ನಕ್ಕು, "ಮೇಡಂ, ಒಳ್ಳೇ ಪ್ರಶ್ನೆ. ಆದ್ರೆ ಇವತ್ತಿನ ವಿಷಯ ಅಲ್ಲ. ಕಾಫಿ ಕುಡಿಯುವಾಗ ಮಾತಾಡೋಣ" ಎಂದರು.

ಕಾಫಿಯ ಮೇಜಿನ ಬಳಿ ಅವರು ಮೊದಲು ನೋಡಿದ್ದು ಆಕೆಯನ್ನು. "ಏನೇ, ನೀನೂ ಬಂದ್ಯಾ? ಏನಾದ್ರೂ ಅರ್ಥ ಆಯ್ತಾ?"

"ಕೂತ್ಕಂಡಿದ್ದೆ ಸಾವ್ಕಾರ್ರೆ. ಫ್ಯಾನಿತ್ತು" ಎಂದಳು ಆಕೆ, ಕಪ್ಪನ್ನು ಕೆಳಗಿಟ್ಟು.

ಮುದಿ ತಾಯಿಯನ್ನು ಹೆಗಲಿಗೆ ಆನಿಸಿಕೊಂಡು ನಡೆಯುವವಳಿಗೆ ಏಕವಚನ, ಶಾಲು ಹೊದ್ದ ಭಾಷಣಕಾರರಿಗೆ ಬಹುವಚನ. ಇವೆರಡೂ ಒಂದೇ ಕೋಣೆಯಲ್ಲಿ, ಒಂದೇ ಬಾಯಿಯಿಂದ. ಅವರು ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನೋಡಿ, ನಾನು ಮನುಷ್ಯತ್ವ ಇಲ್ಲದವ್ನಲ್ಲ. ಆದ್ರೆ ಇವತ್ತು ಮೀಟರ್ ಕೊಟ್ರೆ ನಾಳೆ ಮನೆ ನಮ್ದು ಅಂತಾರೆ. ಬೆಳಕು ತಾನೆ ಬೇಕಾದ್ದು? ಸಂಘದಿಂದ್ಲೇ ಒಂದು ಸೋಲಾರ್ ದೀಪ ಹಾಕಿಸ್ತೀನಿ."

ನಾನು ಬೇಡವೆನ್ನಬೇಕೆಂದಿದ್ದೆ. ಹಕ್ಕು ಕೇಳಿದವರಿಗೆ ದಾನ ಕೊಡುವುದು ಹಕ್ಕನ್ನು ಹೂಳುವ ಸಭ್ಯ ಕ್ರಮ. ಆದರೆ ಆಕೆ ನನ್ನ ಸೆರಗನ್ನು ಮೆಲ್ಲನೆ ಎಳೆದು, "ಬರ್ಲಿ ಬಿಡಿ ಅಕ್ಕಾ. ಅವ್ವನಿಗೆ ದಾರಿ ಕಂಡ್ರೆ ಸಾಕು" ಎಂದಳು. ಅದು ಆಕೆಯ ದಾರಿ. ಆಗಲಿ ಎಂದೆ.

ದೀಪ ಬಂತು. ಸಂಘದ ಎಂಜಿನಿಯರುಗಳು ಕಾರುಗಳಲ್ಲಿ ಬಂದು ಕಂಬ ನೆಟ್ಟರು, ಸಂಘದ ಹೆಸರಿನ ಫಲಕ ತಿರುಪಿ ಕೂರಿಸಿದರು, ಆಕೆಯನ್ನೂ ತಾಯಿಯನ್ನೂ ನಡುವೆ ನಿಲ್ಲಿಸಿ ಫೋಟೋ ತೆಗೆದರು. ಕಂಬ ನೆಟ್ಟದ್ದು ಶೌಚಾಲಯದ ದಾರಿಯಲ್ಲಿ, ಅಂದರೆ ದೊಡ್ಡದೊಂದು ಅತ್ತಿಮರದ ಕೆಳಗೆ. ಕಾಫಿ ನೆರಳಿನ ಬೆಳೆ. ನಮ್ಮ ತೋಟಗಳಲ್ಲಿ ಬಿಸಿಲನ್ನು ತಡೆಯುವುದೇ ಬೇಸಾಯ. ಅಣೆಕಟ್ಟು ಕಟ್ಟಿದವರು, ರಸ್ತೆ ಹಾಕಿದವರು, ಅಂತರಿಕ್ಷದ ಫಲಕಕ್ಕೆ ಎಷ್ಟು ಬಿಸಿಲು ಬೀಳುತ್ತದೆಂದು ವಾದಿಸಿದವರು ಅಲ್ಲಿ ನಿಂತಿದ್ದರು. ಆ ನೆರಳು ಹಿತವಾಗಿದೆ ಎಂದು ಒಬ್ಬರು ಮೆಚ್ಚಿಕೊಂಡರು. ಹುಟ್ಟಿದಂದಿನಿಂದ ನೆರಳನ್ನು ಆಸ್ತಿಯೆಂದು ತಿಳಿದ ಕಣ್ಣುಗಳಿಗೆ ಅದು ಅಡ್ಡಿಯಾಗಿ ಕಾಣಲಿಲ್ಲ. ಇಲ್ಲಿ ಬಿಸಿಲೆಲ್ಲಿದೆ ಎಂದು ನಾನು ಕೇಳಿದ್ದಕ್ಕೆ ಒಬ್ಬರು, "ಹಗಲು ಬೆಳಕು ಸಾಕು ಮೇಡಂ, ಹೊಸ ಟೆಕ್ನಾಲಜಿ" ಎಂದರು.

ಫೋಟೋದ ಸಂಜೆ ಮತ್ತು ಮರುದಿನ ದೀಪ ಉರಿಯಿತು. ಆಮೇಲೆ ಮಿಣುಕಿತು. ಆಮೇಲೆ ಅದೂ ಇಲ್ಲ.

ಕೊಂಬೆಯನ್ನಾದರೂ ಕಡಿಸಿ ಎಂದು ರೈಟರರನ್ನು ಕೇಳಿದೆ. "ಈಗ ಕಡಿದ್ರೆ ಕೆಳಗಿನ ಗಿಡ ಒಣಗ್ತದೆ ಮೇಡಂ. ಮರಗಸಿ ಟೈಮಲ್ಲಿ ನೋಡುವ" ಎಂದರು. ಮರಗಸಿ ಎಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ. ಅದು ಮಳೆಗಾಲದ ಬಾಗಿಲಲ್ಲಿ ನಡೆಯುತ್ತದೆ. ಆ ಅತ್ತಿಯ ಕೊಂಬೆಗಳು ಬಿದ್ದ ವಾರವೇ ಮಳೆ ಹಿಡಿಯಿತು. ಮರದ ಜಾಗಕ್ಕೆ ಮೋಡ ಬಂತು, ಅಷ್ಟೇ. ಕಾಫಿ ಗಿಡಕ್ಕೆ ಸಿಕ್ಕ ಪಂಚಾಂಗ ಆ ತಾಯಿಯ ಸೊಂಟಕ್ಕೆ ಸಿಗಲಿಲ್ಲ.

ಮೀಟರಿಗಾಗಿ ಮತ್ತೆ ಹೋದೆ. ಈ ಸಲ ಮಾಲೀಕರು ಭೇಟಿಗೆ ಸಿಕ್ಕರು, ಕುರ್ಚಿ ಕೊಟ್ಟರು, ಕಾಫಿಯನ್ನೂ ತರಿಸಿದರು. "ದೀಪ ಹಾಕ್ಸಿದ್ದೀವಲ್ಲ ಮೇಡಂ, ಪೇಪರಲ್ಲೂ ಬಂದಿದೆ. ಇನ್ನೂ ಏನು?" ಉರಿಯುತ್ತಿಲ್ಲ ಎಂದೆ. "ಪ್ರಕೃತಿ. ಅದಕ್ಕೇ ನೋಡಿ, ಅಂತರಿಕ್ಷಕ್ಕೇ ಹೋಗ್ಬೇಕು ಅನ್ನೋದು" ಎಂದು ನಕ್ಕರು. ಒಪ್ಪಿಗೆ ಕೊಡುವುದಿಲ್ಲ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಕೊಡಲೂ ಇಲ್ಲ.

ರಾತ್ರಿ ಲೈನಿಗೆ ಹೋಗಿ ತಿಳಿಸಿದೆ. ಆಕೆ ಒಲೆಯ ಮುಂದೆ ಒದ್ದೆ ಸೌದೆಯನ್ನು ಊದುತ್ತಿದ್ದಳು. ಸೂರಿನತ್ತ ನೋಡಿ, "ಅವತ್ತು ತೋರ್ಸಿದ್ರಲ್ಲ, ಆ ಮೇಲಿನ ಕರೆಂಟು, ಅದು ಯಾವಾಗ ಬರ್ತದಂತೆ ಅಕ್ಕಾ?" ಎಂದಳು.

"ಇನ್ನೂ ಎಷ್ಟೋ ವರ್ಷ ಆಗಬಹುದು."

"ಅದಕ್ಕಾದ್ರೂ ಸಾವ್ಕಾರ್ರ ಒಪ್ಪಿಗೆ ಬೇಡ್ವಾ?"

ನಾನು ಸುಳ್ಳು ಹೇಳಲಿಲ್ಲ. "ಬೇಕು. ಅದೂ ಯಾರದಾದರೂ ನೆಲದ ಮೇಲೇ ಇಳೀಬೇಕು."

"ಸರಿಹೋಯ್ತು" ಎಂದು ಆಕೆ ನಕ್ಕಳು. ಆ ಹೊತ್ತಿಗೆ ರೈಟರರು ಸ್ವಿಚ್ ಎಳೆದಿರಬೇಕು, ತಲೆಯ ಮೇಲಿನ ಬಲ್ಬು ಆರಿತು. ಒಳಗಿನಿಂದ ತಾಯಿ ಕೂಗಿದರು. ಆಕೆ ಗೋಡೆಯ ಮೊಳೆಯಿಂದ ತಟ್ಟೆಯನ್ನು ತೆಗೆದು ನನ್ನ ಕೈಗಿತ್ತಳು. "ನೀವು ಬಡೀರಿ ಅಕ್ಕಾ, ನಾನು ಅವ್ವನ್ನ ಹಿಡ್ಕತೀನಿ."

ಬಡಿದೆ.